ಹಳೆ ಫಿಯಟ್‌ಗೆ ಹೊಸ ಕಾರ್ಬೊರೇಟರ್: ಮನೆಯಂಗಳದಲ್ಲೇ ಬದಲಿಸುವುದು ಹೇಗೆ?

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳೆ ಕಾರು ಶೆಡ್ಡಿನಿಂದ ಹೊರಗೆ ಬರುವುದೇ ಅಪರೂಪ. ಮಳೆ ನಿಂತ ಮೇಲೆ ಟಾರ್ಪಾಲು ಸರಿಸಿ ಸೆಲ್ಫ್ ಹೊಡೆದಾಗ ಕಥೆ ಶುರುವಾಗುತ್ತದೆ. ಚೋಕ್ ಎಳೆದಿದ್ದರೆ ಇಂಜಿನ್ ಓಡುತ್ತದೆ, ಒಳಗೆ ತಳ್ಳಿದರೆ ಆಫ್. ಏರಿನಲ್ಲಿ ಮುಕ್ಕರಿಸುತ್ತದೆ. ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ. ನೋಡಿದವರೆಲ್ಲ ಹೇಳುವುದು ಒಂದೇ ಮಾತು: "ಕಾರ್ಬೇಟರ್ ಹೋಗಿದೆ, ಹೊಸದು ಹಾಕ್ಸಿ." ಕಾರ್ಬೊರೇಟರ್ ಅಂದರೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ.

ಸುಂಟಿಕೊಪ್ಪದ ನಮ್ಮ ಮನೆಯಲ್ಲಿರುವುದು ಅಪ್ಪ ಓಡಿಸುತ್ತಿದ್ದ ಪ್ರೀಮಿಯರ್ ಪದ್ಮಿನಿ. ಹೆಸರು ಪದ್ಮಿನಿ ಆದರೂ ಊರಿನವರ ಬಾಯಲ್ಲಿ ಅದು ಫಿಯಟ್ಟೇ. 1089 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಒಂದೇ ಒಂದು ಸೋಲೆಕ್ಸ್ ಕಾರ್ಬೊರೇಟರ್. ಆ ಕಾರ್ಬೊರೇಟರನ್ನು ನಾನು ಎರಡು ಸಲ ಬದಲಿಸಿದ್ದೇನೆ. ಮೊದಲ ಸಲ ಬದಲಿಸಬೇಕಾಗಿಯೇ ಇರಲಿಲ್ಲ. ಎರಡನೇ ಸಲ ನಿಜವಾಗಿ ಬೇಕಿತ್ತು, ಆದರೆ ತಪ್ಪು ಮಾಲು ತಂದೆ. ಈ ಎರಡು ತಪ್ಪು ನಿಮ್ಮಿಂದ ಆಗದಿರಲಿ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಬಿಚ್ಚುವ ಮುಂಚೆ: ತಪ್ಪು ನಿಜಕ್ಕೂ ಅದರದ್ದೇನಾ?

ಮೊದಲ ಸಲ ಹೊಸ ಕಾರ್ಬೊರೇಟರ್ ಹಾಕಿದ ಮೇಲೂ ಕಾರು ಹಾಗೇ ಮುಕ್ಕರಿಸುತ್ತಿತ್ತು. ಕೊನೆಗೆ ವಯಸ್ಸಾದ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಬಂದೆ. ಅವರು ಬಾನೆಟ್ ಕಡೆ ಸರಿಯಾಗಿ ನೋಡಲೂ ಇಲ್ಲ. "ಇದನ್ನ ಬದಲಾಯ್ಸಿ ಅಂತ ಯಾರು ಹೇಳಿದ್ದು ಸಾರ್ ನಿಮ್ಗೆ? ಮೊದ್ಲು ಒಂದು ಬಾಟ್ಲಿ ತನ್ನಿ" ಅಂದರು. ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬೊರೇಟರಿಗೆ ಕೊಡುವ ಪಂಪಿನಿಂದ ಬಂದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಇಟ್ಟರು. ತಳದಲ್ಲಿ ಬೇರೆಯದೇ ಒಂದು ಪದರ ಕೂತಿತ್ತು. ನೀರು.

ಹಾಗಾಗಿ ಮೊದಲ ಕೆಲಸ ಬಾಟಲಿಯದು. ಕಿಡಿ ಹಾರದ ಹಾಗೆ ಇಗ್ನಿಷನ್ ಕಾಯಿಲ್‌ಗೆ ಹೋಗುವ ವೈರ್ ಬಿಚ್ಚಿ, ಕಾರ್ಬೊರೇಟರ್ ಕಡೆಯ ಪೆಟ್ರೋಲ್ ಪೈಪನ್ನು ಬಾಟಲಿಗೆ ಇಳಿಬಿಟ್ಟು, ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಪೆಟ್ರೋಲ್ ಬಿಟ್ಟು ಬಿಟ್ಟು, ಜೋರಾಗಿ ಚಿಮ್ಮಬೇಕು. ತೊಟ್ಟಿಕ್ಕುತ್ತಿದ್ದರೆ ತೊಂದರೆ ಪಂಪಿನಲ್ಲೋ, ಪೈಪಿನಲ್ಲೋ, ಟ್ಯಾಂಕಿನ ಕಸದಲ್ಲೋ ಇದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಅದೂ ಎಥನಾಲೂ ಒಟ್ಟಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ನಮ್ಮ ಮಳೆಗಾಲದಲ್ಲಿ ನಾಲ್ಕು ತಿಂಗಳು ನಿಂತ ಅರ್ಧ ಖಾಲಿ ಟ್ಯಾಂಕ್ ಅಂದರೆ ಇದಕ್ಕೆ ಹೇಳಿ ಮಾಡಿಸಿದ ಜಾಗ.

ಎರಡನೆಯದು ಕರೆಂಟು. ಪ್ಲಗ್ ಗ್ಯಾಪ್, ಸಿ.ಬಿ. ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಕೊಡುವ ಕಾಂಟ್ಯಾಕ್ಟ್ ಬ್ರೇಕರ್), ಡೆಲ್ಕೋ (ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್) ಮುಚ್ಚಳದ ಒಳಗಿನ ತೇವ, ಇಷ್ಟನ್ನೂ ನೋಡಿ. ಕಾರ್ಬೊರೇಟರ್ ಮೇಲೆ ಬರುವ ದೂರಿನಲ್ಲಿ ಅರ್ಧ ಇಲ್ಲಿನದೇ ಅಂತ ನನಗೆ ಅನಿಸಿದೆ.

ಮೂರನೆಯದು, ಎಲ್ಲಿಂದಲಾದರೂ ಸುಮ್ನೆ ಏರ್ ಎಳೆಯುತ್ತಿದೆಯಾ ಅಂತ. ಇಂಜಿನ್ ಓಡುತ್ತಿರುವಾಗ ಕಾರ್ಬೊರೇಟರ್ ಬುಡದ ಸುತ್ತ ಸೋಪಿನ ನೀರು ಚಿಮುಕಿಸಿ. ಓಟದ ಸದ್ದು ಬದಲಾದರೆ ಅಲ್ಲಿ ಪ್ಯಾಕಿಂಗ್ (ಜೋಡಣೆಯ ನಡುವಿನ ತೆಳು ಹಾಳೆ) ಹೋಗಿದೆ. ಇದಕ್ಕೆ ಪೆಟ್ರೋಲ್ ಹಾಕಿ ನೋಡುವವರೂ ಇದ್ದಾರೆ. ಬಿಸಿ ಸೈಲೆನ್ಸರ್ ಪೈಪ್ ಪಕ್ಕದಲ್ಲಿ ಆ ಧೈರ್ಯ ಬೇಡ.

ಇಷ್ಟೂ ಸರಿ ಇದ್ದರೆ ಏರ್ ಕ್ಲೀನರ್ ತೆಗೆದು, ಆಕ್ಸಿಲರೇಟರ್ ಲಿವರ್ ಕೂತಿರುವ ಅಡ್ಡ ಶಾಫ್ಟನ್ನು ಬೆರಳಿನಿಂದ ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಬಾಡಿಯ ತೂತು ಸವೆದಿದೆ ಅಂತ ಅರ್ಥ. ಅಲ್ಲಿಂದ ಗಾಳಿ ನುಗ್ಗುತ್ತದೆ, ಸ್ಲೋ, ಅಂದರೆ ಆಕ್ಸಿಲರೇಟರ್ ಮುಟ್ಟದಾಗಿನ ಓಟ, ಒಂದೇ ಸಮ ಇರುವುದಿಲ್ಲ. ಯಾವ ರಿಪೇರಿ ಕಿಟ್ಟೂ ಇದನ್ನು ಸರಿ ಮಾಡಲ್ಲ. ಲೇತಿನಲ್ಲಿ ಬುಷ್ ಹಾಕಿಸಬೇಕು, ಇಲ್ಲವೇ ಬದಲಿಸಬೇಕು. ಬಾಡಿ ಬಿರುಕು ಬಿಟ್ಟಿದ್ದರೆ, ಒಳಗೆ ಬಿಳಿ ಬೂದಿಯ ಹಾಗೆ ತಿಂದುಹೋಗಿದ್ದರೆ ಆಗಲೂ ಬದಲಿಸಿ. ಬರೀ ಕಸ, ಒಣಗಿದ ಪೆಟ್ರೋಲಿನ ಅಂಟು, ಹರಿದ ಪ್ಯಾಕಿಂಗ್ ಆದರೆ ಕಿಟ್ ಸಾಕು. ದುಡ್ಡು ಉಳಿಸಿ.

ಕೊಳ್ಳುವಾಗ

ಪದ್ಮಿನಿಯಲ್ಲಿ ಸಾಮಾನ್ಯವಾಗಿ ಇರುವುದು ಸೋಲೆಕ್ಸ್ ಎಂ 32 ಪಿಬಿಐಸಿ. ಎಡವಟ್ಟು ಆಗುವುದು ಇಲ್ಲೇ. ಇದೇ ಹೆಸರಿನ ಕಾರ್ಬೊರೇಟರ್ ಹಳೆ ಪೆಟ್ರೋಲ್ ಜೀಪಿಗೂ ಬಂದಿತ್ತು, ಕೆಲವು ಅಂಬಾಸಿಡರ್‌ಗಳಿಗೂ ಬಂದಿತ್ತು. ನೋಡಲು ಅಣ್ಣ ತಮ್ಮಂದಿರ ಹಾಗೆ. ಆದರೆ ಒಳಗಿನ ಜೆಟ್ (ಪೆಟ್ರೋಲ್, ಗಾಳಿ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ಸ್ಕ್ರೂ) ಬೇರೆ, ಲಿವರ್ ತಿರುಗಿರುವ ದಿಕ್ಕು ಬೇರೆ. ನಾನು ಅಂಗಡಿಯಲ್ಲಿ "ಸೋಲೆಕ್ಸ್ 32 ಕೊಡಿ" ಅಂದೆ. ಕೊಟ್ಟರು. ಮನೆಗೆ ತಂದು ಕೂರಿಸಿದರೆ ಆಕ್ಸಿಲರೇಟರ್ ಕಡ್ಡಿ ಲಿವರಿಗೆ ಎಟುಕುತ್ತಲೇ ಇಲ್ಲ. ಜೀಪಿನದು! ಕೊಡಗಿನಲ್ಲಿ ಮನೆಗೊಂದು ಜೀಪಿದ್ದ ಕಾಲ ಇತ್ತು, ಅಂಗಡಿಯವರ ಕೈ ಮೊದಲು ಅದಕ್ಕೇ ಹೋದರೆ ಆಶ್ಚರ್ಯ ಇಲ್ಲ.

ಆದ್ದರಿಂದ ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗಬೇಕಾದರೂ ಸರಿ. ಪಕ್ಕಪಕ್ಕ ಇಟ್ಟು ಲಿವರ್, ಚೋಕ್ ಕೇಬಲ್ ಹಿಡಿಯುವ ಕ್ಲ್ಯಾಂಪ್, ಪೆಟ್ರೋಲ್ ಪೈಪ್ ಕೂರುವ ಮೂತಿ, ಬುಡದ ಎರಡು ತೂತಿನ ಅಂತರ ನೋಡಿ. ಡೆಲ್ಕೋಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪ್ ನಿಮ್ಮ ಗಾಡಿಯಲ್ಲಿದ್ದರೆ ಅದಕ್ಕೂ ಮೂತಿ ಇರಬೇಕು.

ಇನ್ನೊಂದು ಮುಖ್ಯ ಕೆಲಸ: ಹಳೆ ಜೆಟ್‌ಗಳ ಮೇಲೆ ಕೊರೆದಿರುವ ನಂಬರ್ ಎಲ್ಲ ಬರೆದುಕೊಳ್ಳಿ. ಸೋಲೆಕ್ಸ್ ಜೆಟ್ಟಿನ ನಂಬರ್ ಅಂದರೆ ತೂತಿನ ಅಳತೆ, ಮಿಲಿಮೀಟರಿನ ನೂರನೇ ಭಾಗದಲ್ಲಿ. 120 ಅಂತ ಇದ್ದರೆ ತೂತು 1.20 ಮಿಲಿಮೀಟರ್. ಮೇನ್ ಜೆಟ್, ಪೈಲಟ್ ಜೆಟ್, ಏರ್ ಜೆಟ್, ಪಂಪ್ ಜೆಟ್, ನಾಲ್ಕರದ್ದೂ ಬೇಕು. ಹೊಸದರಲ್ಲಿ ಬೇರೆ ನಂಬರ್ ಇದ್ದರೆ ಹಳೆ ಜೆಟ್‌ಗಳನ್ನೇ ತೊಳೆದು ಹೊಸ ಬಾಡಿಗೆ ಹಾಕಿ. ಹಿತ್ತಾಳೆ ಜೆಟ್ ಅಷ್ಟು ಬೇಗ ಹಾಳಾಗಲ್ಲ. ಆದರೆ ತೂತಿಗೆ ಸೂಜಿ, ತಂತಿ ಚುಚ್ಚಬೇಡಿ. ಕೂದಲೆಳೆಯಷ್ಟು ಹಿಗ್ಗಿದರೂ ನಂಬರಿಗೆ ಅರ್ಥ ಉಳಿಯುವುದಿಲ್ಲ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ, ಆಮೇಲೆ ಗಾಳಿ, ಅಷ್ಟೇ.

ಜಾಗ ಮತ್ತು ಸಾಮಾನು

ಕಾಫಿ ಒಣಗಿಸುವ ಕಣ ಇದ್ದರೆ ಅದಕ್ಕಿಂತ ಒಳ್ಳೆ ವರ್ಕ್‌ಶಾಪ್ ಇಲ್ಲ. ಸಮತಟ್ಟು, ಬೆಳಕು, ಗಾಳಿ ಎಲ್ಲ ಇದೆ. ಕಣದಲ್ಲಿ ಕಾಫಿ ಹರಡಿದ್ದರೆ ಮಾತ್ರ ಆ ಕಡೆ ಹೋಗಬೇಡಿ. ಪೆಟ್ರೋಲ್ ವಾಸನೆ ಹಿಡಿದ ಕಾಫಿಯನ್ನು ಯಾರೂ ಕೊಳ್ಳಲ್ಲ, ಮನೆಯವರ ಬೈಗುಳ ಬೇರೆ. ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಬೇಡವೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಪಕ್ಕದ ನೀರೊಲೆಯ ಕೆಂಡ ಸಾಕು. ಒಂದು ಬಕೆಟ್ ಒಣ ಮರಳು ಹತ್ತಿರ ಇರಲಿ, ಅಗ್ನಿಶಾಮಕ ಸಿಲಿಂಡರ್ ಇದ್ದರೆ ಇನ್ನೂ ಒಳ್ಳೆಯದು. ಬೀಡಿ ಸಿಗರೇಟಿನವರನ್ನು ದೂರ ಕಳಿಸಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಗಿಡ್ಡ ರಿಂಗ್ ಪಾನಾಗಳು, ಅದರಲ್ಲೂ 13 ಮತ್ತು 14. ದೊಡ್ಡದು ಚಿಕ್ಕದು ಎರಡು ಸ್ಕ್ರೂಡ್ರೈವರ್, ಪ್ಲೇಯರ್, ಉಕ್ಕಿನ ಸ್ಕೇಲು, ಹಳೆ ಟೂತ್‌ಬ್ರಷ್, ದೊಡ್ಡ ಬಿಳಿ ಬಟ್ಟೆ, ಹೊಸ ಪ್ಯಾಕಿಂಗ್‌ಗಳು, ಒಂದು ಮೀಟರ್ ಹೊಸ ಪೆಟ್ರೋಲ್ ಪೈಪ್ ಮತ್ತು ಕ್ಲಿಪ್. ಪೈಪ್ ಕೊಳ್ಳುವಾಗ ಎಥನಾಲ್ ತಡೆಯುವಂಥದ್ದೇ ಕೇಳಿ. ಹಳೆ ಕಾಲದ ರಬ್ಬರ್ ಪೈಪ್ ಈಗಿನ ಪೆಟ್ರೋಲಿಗೆ ಒಳಗಿನಿಂದ ಮೆತ್ತಗಾಗಿ ಪುಡಿ ಉದುರಿಸುತ್ತದೆ. ಆ ಪುಡಿ ನೇರ ಹೋಗಿ ಕೂರುವುದು ನಿಮ್ಮ ಹೊಸ ಜೆಟ್ಟಿನಲ್ಲಿ.

ಹೊಸದನ್ನು ಮೊದಲು ಬಿಚ್ಚಿ ನೋಡಿ

ಡಬ್ಬದಿಂದ ತೆಗೆದು ಹಾಗೇ ಕೂರಿಸುವವರೇ ಹೆಚ್ಚು. ನಾನಂತೂ ಇನ್ನು ಹಾಗೆ ಮಾಡಲ್ಲ. ಈಗ ಸಿಗುವ ಹೊಸ ಮಾಲಿನಲ್ಲಿ ಲೋಹದ ಚೂರು ಒಳಗೇ ಉಳಿದಿದ್ದನ್ನು ನೋಡಿದ್ದೇನೆ.

ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಿ. ಮುಚ್ಚಳದ ಅಡಿಯಲ್ಲಿ, ಪೆಟ್ರೋಲ್ ಒಳಬರುವುದನ್ನು ನಿಲ್ಲಿಸುವ ಪಿನ್ ವಾಲ್ವ್ ಇರುತ್ತದೆ. ಅದು ಬಿಗಿಯಾಗಿದೆಯಾ, ಅದರ ವಾಷರ್ ಇದೆಯಾ ನೋಡಿ. ಬೌಲಿನಲ್ಲಿ (ಕಾರ್ಬೊರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ) ಪೆಟ್ರೋಲ್ ಎಷ್ಟು ಎತ್ತರ ನಿಲ್ಲಬೇಕು ಅನ್ನುವುದನ್ನು ತೀರ್ಮಾನಿಸುವುದು ಈ ವಾಷರಿನ ದಪ್ಪ. ದಪ್ಪ ವಾಷರ್ ಹಾಕಿದರೆ ಮಟ್ಟ ಇಳಿಯುತ್ತದೆ, ತೆಳು ಹಾಕಿದರೆ ಏರುತ್ತದೆ. ಓವರ್‌ಫ್ಲೋ ಆಗುತ್ತಿದೆ ಅಂತ ಫ್ಲೋಟನ್ನು, ಅಂದರೆ ಬೌಲಿನಲ್ಲಿ ತೇಲುತ್ತಾ ಆ ವಾಲ್ವನ್ನು ಮುಚ್ಚುವ ಡಬ್ಬಿಯನ್ನು, ಬಗ್ಗಿಸುವವರನ್ನು ನಂಬಬೇಡಿ. ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗುಳಗುಳ ಸದ್ದು ಬಂದರೆ ತೂತಾಗಿದೆ. ಅನುಮಾನ ಇದ್ದರೆ ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯಾ ನೋಡಿ. ಎಲ್ಲ ಜೆಟ್ಟನ್ನೂ ಒಮ್ಮೆ ಸಡಿಲಿಸಿ ಬಿಗಿ ಮಾಡಿ. ಹಿತ್ತಾಳೆ ಮೆದು ಲೋಹ, ಸ್ಕ್ರೂಡ್ರೈವರ್ ಬಾಯಿಗೆ ಸರಿಯಾಗಿ ಕೂರಬೇಕು.

ಹಳೆಯದನ್ನು ತೆಗೆಯುವುದು

ಇಂಜಿನ್ ಪೂರ್ತಿ ತಣ್ಣಗಿರಲಿ. ಬೆಳಿಗ್ಗೆ ಕಾಫಿ ಕುಡಿದು ಶುರು ಮಾಡಿದರೆ ಊಟದ ಹೊತ್ತಿಗೆ ಮುಗಿಯುತ್ತದೆ. ಮೊದಲು ಮೊಬೈಲಿನಲ್ಲಿ ನಾಲ್ಕು ದಿಕ್ಕಿನಿಂದ ಫೋಟೋ ತೆಗೆಯಿರಿ. ಸ್ಪ್ರಿಂಗ್ ಯಾವ ತೂತಿಗೆ ಸಿಕ್ಕಿಸಿತ್ತು ಅನ್ನುವುದು ಮಧ್ಯಾಹ್ನಕ್ಕೆ ನೆನಪಿರಲ್ಲ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಏರ್ ಕ್ಲೀನರ್ ತೆಗೆಯಿರಿ. ಎಣ್ಣೆ ತುಂಬಿದ ಹಳೆ ನಮೂನೆಯದಾದರೆ ಓರೆ ಮಾಡದೆ ನೇರವಾಗಿ ಎತ್ತಿ. ಪೆಟ್ರೋಲ್ ಪೈಪ್ ಎಳೆದು ಅದರ ಬಾಯಿಗೆ ಒಂದು ಬೋಲ್ಟ್ ತುರುಕಿ. ಚೋಕ್ ಕೇಬಲಿನಲ್ಲಿ ಎರಡು ಹಿಡಿತ ಇರುತ್ತದೆ, ಒಳಗಿನ ತಂತಿಗೆ ಒಂದು ಸ್ಕ್ರೂ, ಹೊರಗಿನ ಕವಚಕ್ಕೆ ಒಂದು ಕ್ಲ್ಯಾಂಪ್. ಎರಡನ್ನೂ ಸಡಿಲಿಸಿ. ತಂತಿ ಮುರುಟಿಕೊಳ್ಳದ ಹಾಗೆ ಮೆಲ್ಲಗೆ ಎಳೆಯಿರಿ. ಆಕ್ಸಿಲರೇಟರ್ ಕಡ್ಡಿ, ರಿಟರ್ನ್ ಸ್ಪ್ರಿಂಗ್, ವ್ಯಾಕ್ಯೂಮ್ ಪೈಪ್ ಬಿಚ್ಚಿ.

ಈಗ ಬುಡದ ಎರಡು ನಟ್ಟು. ಒಂದು ಸುಲಭವಾಗಿ ಬರುತ್ತದೆ. ಇನ್ನೊಂದು ಬೌಲಿನ ಅಡಿ ಅಡಗಿಕೊಂಡು ತಾಳ್ಮೆ ಪರೀಕ್ಷೆ ಮಾಡುತ್ತದೆ. ಪಾನಾ ಒಂದು ಸಲಕ್ಕೆ ಚೂರೇ ಚೂರು ತಿರುಗುತ್ತದೆ. ಅವಸರ ಮಾಡಬೇಡಿ, ನಟ್ಟಿನ ಮೂಲೆ ಸವೆದರೆ ಇಡೀ ದಿನ ಹೋಯಿತು. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿರಿ. ನಟ್ಟಿನ ಜೊತೆ ಸ್ಟಡ್ಡೇ ಬಿಚ್ಚಿ ಬಂದರೆ ಗಾಬರಿ ಬೇಡ. ಅದರ ಮೇಲೆ ಎರಡು ನಟ್ಟು ಒಂದಕ್ಕೊಂದು ಬಿಗಿ ಮಾಡಿ ವಾಪಸ್ ಕೂರಿಸಬಹುದು.

ಕಾರ್ಬೊರೇಟರನ್ನು ನೇರವಾಗಿ ಮೇಲಕ್ಕೆತ್ತಿ. ಬೌಲಿನಲ್ಲಿ ಪೆಟ್ರೋಲ್ ಇರುತ್ತದೆ. ಅದನ್ನು ಕೆಳಗಿಡುವ ಮೊದಲೇ ಇಂಜಿನ್ನಿನ ತೆರೆದ ಬಾಯಿಗೆ ಬಟ್ಟೆ ತುರುಕಿ. ಬಟ್ಟೆ ದೊಡ್ಡದಿರಲಿ, ಬಿಳಿ ಇರಲಿ, ಬಾಲ ಹೊರಗೆ ಕಾಣುತ್ತಿರಲಿ. ಒಂದು ವಾಷರ್ ಒಳಗೆ ಬಿತ್ತು ಅಂದರೆ ಹೆಡ್ ಬಿಚ್ಚಬೇಕಾಗಬಹುದು. ಮರೆತ ಸಣ್ಣ ಚಿಂದಿ ಬಟ್ಟೆಯೂ ಅಷ್ಟೇ ಅಪಾಯ.

ಮುಖ ಸಮ ಮಾಡುವುದು, ಕೂರಿಸುವುದು

ಹಳೆ ಪ್ಯಾಕಿಂಗಿನ ಚೂರು ಒಂದೂ ಉಳಿಯದ ಹಾಗೆ ಕೆರೆಯಿರಿ. ಆಮೇಲೆ ಉಕ್ಕಿನ ಸ್ಕೇಲನ್ನು ಫ್ಲ್ಯಾಂಜಿನ (ಇಂಜಿನ್ನಿನಲ್ಲಿ ಕಾರ್ಬೊರೇಟರ್ ಕೂರುವ ಚಪ್ಪಟೆ ಮುಖದ) ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿ. ಸ್ಕೇಲಿನ ಅಡಿಯಿಂದ ನಡುವೆ ಬೆಳಕು ತೂರಿದರೆ ಮುಖ ಬಾಗಿದೆ. ಕಾರ್ಬೊರೇಟರಿನ ಬುಡವನ್ನೂ ಹೀಗೇ ನೋಡಿ. ಯಾರೋ ಹಿಂದೆ ಜೋರು ತೋರಿಸಿ ಬಿಗಿ ಮಾಡಿದ್ದರೆ ಎರಡು ಕಿವಿಗಳೂ ಬಾಗಿರುತ್ತವೆ. ಗಾಜಿನ ಮೇಲೆ ನಯವಾದ ಎಮರಿ ಕಾಗದ ಇಟ್ಟು, ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಬಹುದು. ಉಜ್ಜುವ ಮುಂಚೆ ಶಾಫ್ಟು, ಜೆಟ್ಟು, ಸಣ್ಣ ತೂತುಗಳಿಗೆ ಪುಡಿ ಹೋಗದಂತೆ ನೋಡಿಕೊಳ್ಳಿ. ಮುಗಿದ ಮೇಲೆ ಚೆನ್ನಾಗಿ ತೊಳೆಯಿರಿ.

ಬುಡದಲ್ಲಿ ದಪ್ಪ ಕಪ್ಪು ಸ್ಪೇಸರ್ ಇದ್ದರೆ ಅದನ್ನು ಎಸೆಯಬೇಡಿ. ಇಂಜಿನ್ ಬಿಸಿ ಬೌಲಿಗೆ ಏರದಂತೆ ತಡೆಯುವುದೇ ಅದರ ಕೆಲಸ. ಅದರ ಮೇಲೊಂದು, ಕೆಳಗೊಂದು ಹೊಸ ಪ್ಯಾಕಿಂಗ್. ಗಮ್ ಬೇಡ. ಹೆಚ್ಚಿನ ಸಿಲಿಕಾನ್ ಗಮ್‌ಗಳು ಪೆಟ್ರೋಲಿಗೆ ಊದಿ ಕಿತ್ತು ಬರುತ್ತವೆ.

ಬಾಯಿಯ ಬಟ್ಟೆ ತೆಗೆಯಿರಿ. ಇದನ್ನು ಎರಡು ಸಲ ಓದಿ. ಕಾರ್ಬೊರೇಟರ್ ಕೂರಿಸಿ ಎರಡೂ ನಟ್ಟನ್ನು ಕೈಯಲ್ಲೇ ಕೊನೆವರೆಗೆ ತಿರುಗಿಸಿ. ನಂತರ ಗಿಡ್ಡ ಪಾನಾದಲ್ಲಿ ಆ ಕಡೆ ಕಾಲು ಸುತ್ತು, ಈ ಕಡೆ ಕಾಲು ಸುತ್ತು. ಮಣಿಕಟ್ಟಿನ ಬಲ ಸಾಕು, ತೋಳಿನ ಬಲ ಬೇಡ.

ಕಡ್ಡಿ, ಸ್ಪ್ರಿಂಗ್, ಕೇಬಲ್ ಜೋಡಿಸಿದ ಮೇಲೆ ಒಬ್ಬರಿಗೆ ಒಳಗೆ ಕೂತು ಆಕ್ಸಿಲರೇಟರ್ ಪೂರ್ತಿ ಒತ್ತಲು ಹೇಳಿ. ಮೇಲಿನಿಂದ ಬಗ್ಗಿ ನೋಡಿದರೆ ಒಳಗಿನ ಪ್ಲೇಟ್ ನೆಟ್ಟಗೆ ನಿಲ್ಲಬೇಕು. ಕಾಲು ತೆಗೆದಾಗ ಟಕ್ಕಂತ ಮುಚ್ಚಬೇಕು. ಮುಚ್ಚಲು ತಡಮಾಡುತ್ತಿದ್ದರೆ ಆ ಕಾರನ್ನು ರಸ್ತೆಗೆ ತರಬೇಡಿ, ಘಾಟಿಯಲ್ಲಿ ಆಕ್ಸಿಲರೇಟರ್ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಚೋಕ್ ಗುಂಡಿ ಒಳಗಿದ್ದಾಗ ಕಾರ್ಬೊರೇಟರಿನ ಚೋಕ್ ಲಿವರ್ ಪೂರ್ತಿ ಹಿಂದಕ್ಕೆ ಬಂದಿರಬೇಕು. ಕೇಬಲಿಗೆ ಒಂದೆರಡು ಮಿಲಿಮೀಟರ್ ಸಡಿಲ ಬಿಡಿ. ಚೋಕ್ ಸ್ವಲ್ಪವೇ ಎಳೆದುಕೊಂಡೇ ಓಡುವ ಕಾರು ಪೆಟ್ರೋಲ್ ಕುಡಿಯುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ. ಅದಕ್ಕೂ ಬೈಗುಳ ತಿನ್ನುವುದು ಪಾಪ ಕಾರ್ಬೊರೇಟರೇ.

ಮೊದಲ ಸ್ಟಾರ್ಟ್

ಕಾಯಿಲ್ ವೈರ್ ಮತ್ತೆ ಬಿಚ್ಚಿಟ್ಟು, ಆಮೇಲೆ ಬ್ಯಾಟರಿ ಜೋಡಿಸಿ. ಹತ್ತು ಸೆಕೆಂಡು ಸೆಲ್ಫ್, ಸ್ವಲ್ಪ ಬಿಡುವು, ಹೀಗೆ ಮೂರ್ನಾಲ್ಕು ಸಲ. ಪಂಪಿನ ಬುಡದಲ್ಲಿ ಕೈಯಿಂದ ಒತ್ತುವ ಲಿವರ್ ಇದ್ದರೆ ಬ್ಯಾಟರಿಗೆ ತೊಂದರೆ ಕೊಡದೆ ಅದರಲ್ಲೇ ಬೌಲ್ ತುಂಬಿಸಿ. ಈಗ ಪೈಪಿನ ಮೂತಿ, ಮುಚ್ಚಳದ ಅಂಚು, ಬುಡ ಎಲ್ಲ ಕಡೆ ಬೆರಳಾಡಿಸಿ. ಒದ್ದೆ ಇದ್ದರೆ ನಿಲ್ಲಿಸಿ, ಸರಿ ಮಾಡಿ. ಚೆಲ್ಲಿದ್ದೆಲ್ಲ ಒಣಗಿದ ಮೇಲೆ, ಮುಂದಿನ ಭಾಗದಲ್ಲಿ ಹೇಳಿರುವ ಹಾಗೆ ಮಿಕ್ಸ್ಚರ್ ಸ್ಕ್ರೂ ಹೊಂದಿಸಿಕೊಂಡು, ಕಾಯಿಲ್ ವೈರ್ ಹಾಕಿ, ಚೋಕ್ ಎಳೆದು ಸ್ಟಾರ್ಟ್ ಮಾಡಿ.

ಟ್ಯೂನಿಂಗ್: ನಿಜವಾದ ಕೆಲಸ ಇದು

ಸ್ಟಾರ್ಟ್ ಆಯಿತು ಅಂತ ಬಾನೆಟ್ ಮುಚ್ಚಬೇಡಿ. ಸ್ಕ್ರೂ ಎರಡು ಇವೆ. ಒಂದು ಲಿವರಿಗೆ ತಾಗಿ ನಿಂತಿರುವ ಸ್ಲೋ ಸ್ಕ್ರೂ. ಇನ್ನೊಂದು ಬುಡದ ಹತ್ತಿರ ಸ್ಪ್ರಿಂಗ್ ಹಾಕಿಕೊಂಡಿರುವ ಮಿಕ್ಸ್ಚರ್ ಸ್ಕ್ರೂ. ಸ್ಟಾರ್ಟ್ ಮಾಡುವ ಮುಂಚೆ ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ, ಒಂದೂವರೆ ಸುತ್ತು ಹೊರಗೆ ಬಿಟ್ಟಿರಿ. ಒತ್ತಿ ಬಿಗಿ ಮಾಡಿದರೆ ಅದರ ಮೊನೆಯೂ ಕೂರುವ ಜಾಗವೂ ಕೆಡುತ್ತವೆ.

ಇಂಜಿನ್ ಚೆನ್ನಾಗಿ ಬಿಸಿಯಾಗಲಿ, ಚೋಕ್ ಪೂರ್ತಿ ಒಳಗಿರಲಿ. ಸ್ಲೋ ಸ್ಕ್ರೂನಿಂದ ಓಟ ಸ್ವಲ್ಪ ಏರಿಸಿ. ಈಗ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತು ಒಳಗೆ ತಿರುಗಿಸುತ್ತಾ ಹೋಗಿ. ಪೆಟ್ರೋಲ್ ಕಡಿಮೆಯಾಗಿ ಇಂಜಿನ್ ತಡವರಿಸುತ್ತದೆ. ಅಲ್ಲಿಂದ ಹೊರಗೆ ತಿರುಗಿಸುತ್ತಾ ಬನ್ನಿ. ಓಟ ಏರುತ್ತದೆ, ನಯವಾಗುತ್ತದೆ, ಆಮೇಲೆ ಪೆಟ್ರೋಲ್ ಜಾಸ್ತಿಯಾಗಿ ಕುದುರೆ ಕುಂಟಿದ ಹಾಗೆ ಸದ್ದು ಬರುತ್ತದೆ. ಈ ಎರಡರ ನಡುವೆ ಎಲ್ಲಿ ಅತಿ ನಯವಾಗಿ ಓಡಿತೋ ಅಲ್ಲಿ ನಿಲ್ಲಿಸಿ. ಸ್ಲೋ ಸ್ಕ್ರೂನಿಂದ ಓಟ ಇಳಿಸಿ, ನಿಮಿಷಕ್ಕೆ 800ರಿಂದ 900 ಸುತ್ತು ಸಾಕು. ಮತ್ತೊಮ್ಮೆ ಇದೇ ಸುತ್ತು ಮಾಡಿ. ಮೀಟರ್ ಇಲ್ಲದಿದ್ದರೂ ಸೈಲೆನ್ಸರ್ ಹತ್ತಿರ ನಿಂತು ಕೇಳಿದರೆ ಕಿವಿಗೇ ಗೊತ್ತಾಗುತ್ತದೆ.

ಒಂದು ವಿಷಯ ಒತ್ತಿ ಹೇಳುತ್ತೇನೆ. ಮಿಕ್ಸ್ಚರ್ ಸ್ಕ್ರೂ ಸ್ಲೋ ಓಟಕ್ಕೆ ಮಾತ್ರ. "ಸ್ಕ್ರೂ ಸ್ವಲ್ಪ ಟೈಟ್ ಮಾಡಿದೀನಿ, ಮೈಲೇಜ್ ಬರುತ್ತೆ" ಅನ್ನುವ ಮಾತು ರಸ್ತೆಯಲ್ಲಿ ಕೆಲಸಕ್ಕೆ ಬರಲ್ಲ. ರಸ್ತೆಯಲ್ಲಿ ಪೆಟ್ರೋಲ್ ಕೊಡುವುದು ಮೇನ್ ಜೆಟ್.

ಇನ್ನು ನಮ್ಮ ಬೆಟ್ಟದ ಲೆಕ್ಕ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಗಾಳಿ ಹತ್ತನೇ ಒಂದು ಭಾಗದಷ್ಟು ತೆಳು. ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿಕೊಂಡು ಸಂಪಾಜೆ ಘಾಟಿ ಹತ್ತಿದ ಕಾರಿಗೆ ಇಲ್ಲಿ ಪೆಟ್ರೋಲ್ ಸ್ವಲ್ಪ ಜಾಸ್ತಿಯಾಗುವುದು ಸಹಜ. ಎಥನಾಲ್ ಕಲಸಿದ ಪೆಟ್ರೋಲ್ ಇದಕ್ಕೆ ಉಲ್ಟಾ, ಮಿಶ್ರಣವನ್ನು ತೆಳು ಮಾಡುತ್ತದೆ. ಎರಡೂ ಒಂದನ್ನೊಂದು ಒಂದಷ್ಟು ಸರಿದೂಗಿಸುತ್ತವೆ. ಹಾಗಾಗಿ ಇಲ್ಲಿರುವವರು ಮೇನ್ ಜೆಟ್ ಬದಲಿಸಲು ಅವಸರ ಮಾಡಬೇಡಿ. ಕಾರು ಎಲ್ಲಿ ಜಾಸ್ತಿ ಓಡುತ್ತದೋ ಅಲ್ಲೇ ಟ್ಯೂನ್ ಮಾಡಿ.

ರಸ್ತೆಯಲ್ಲಿ

ನನ್ನ ಪರೀಕ್ಷೆಯ ದಾರಿ ಸುಂಟಿಕೊಪ್ಪದಿಂದ ಬೋಯಿಕೇರಿ ಮೇಲೆ ಮಡಿಕೇರಿಗೆ. ಸುಮಾರು 15 ಕಿಲೋಮೀಟರ್, ಬೇಕಾದಷ್ಟು ಏರು, ಬೇಕಾದಷ್ಟು ತಿರುವು. ಆಕ್ಸಿಲರೇಟರ್ ಒತ್ತಿದ ತಕ್ಷಣ ಒಂದು ಕ್ಷಣ ಗಾಡಿ ಸತ್ತ ಹಾಗಾಗಿ ಆಮೇಲೆ ಎಳೆದರೆ ಪಂಪ್ ಜೆಟ್ ಸರಿಯಾಗಿ ಚಿಮ್ಮುತ್ತಿಲ್ಲ. ಇಂಜಿನ್ ನಿಲ್ಲಿಸಿ, ಏರ್ ಕ್ಲೀನರ್ ತೆಗೆದು, ಲಿವರ್ ತಿರುಗಿಸಿದರೆ ಒಳಗೆ ಪೆಟ್ರೋಲಿನ ಗೆರೆ ಕಾಣಬೇಕು. ಉದ್ದ ಏರಿನಲ್ಲಿ ಮೊದಲು ಚೆನ್ನಾಗಿ ಎಳೆದು ಅರ್ಧದಲ್ಲಿ ಸೋತರೆ ಬೌಲಿಗೆ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ. ಫಿಲ್ಟರ್, ಪಂಪ್ ನೋಡಿ. ಕಾರ್ಬೊರೇಟರ್ ಬಾಯಿಂದ ಪಟ್ ಪಟ್ ಅಂತ ವಾಪಸ್ ಹೊಡೆದರೆ ಸಾಮಾನ್ಯವಾಗಿ ಪೆಟ್ರೋಲ್ ಕಡಿಮೆ. ಕಪ್ಪು ಹೊಗೆ ಬಂದರೆ ಜಾಸ್ತಿ.

ಮಡಿಕೇರಿ ತಲುಪಿದ ತಕ್ಷಣ ಗಾಡಿಯನ್ನು ಸ್ಲೋನಲ್ಲಿ ಬಿಡದೆ ನಿಲ್ಲಿಸಿ. ಒಂದು ಕಾಫಿ ಕುಡಿಯಿರಿ, ಇಂಜಿನ್ ತಣಿಯಲಿ. ಆಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಹಾಲು ಕಡಿಮೆ ಹಾಕಿದ ಕಾಫಿಯ ಬಣ್ಣ ಇದ್ದರೆ ಸರಿ. ಮಸಿ ಕಪ್ಪಾದರೆ ಪೆಟ್ರೋಲ್ ಜಾಸ್ತಿ, ಸುಣ್ಣದ ಬಿಳಿಯಾದರೆ ಕಡಿಮೆ. ಬಿಳಿ ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ, ಹಾಗೇ ಘಾಟಿ ಹತ್ತಿಸುತ್ತಿದ್ದರೆ ವಾಲ್ವ್ ಸುಡುತ್ತದೆ.

ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಕುಶಾಲನಗರದ ಕಡೆ ಹೋಗಿ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಆಗದಿದ್ದರೆ ಕಾರ್ಬೊರೇಟರನ್ನು ಬೈಯಬೇಡಿ. ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಲು ಗಂಟೆ ಕಾಯಿರಿ.

ಒಂದು ವಾರ ಓಡಿಸಿದ ಮೇಲೆ ತಣ್ಣಗಿನ ಇಂಜಿನ್ನಿನಲ್ಲಿ ಬುಡದ ಎರಡು ನಟ್ಟನ್ನೂ, ಪೈಪಿನ ಕ್ಲಿಪ್ಪನ್ನೂ ಇನ್ನೊಮ್ಮೆ ಮುಟ್ಟಿ ನೋಡಿ. ಹೊಸ ಪ್ಯಾಕಿಂಗ್ ಕೂತು ನಟ್ಟು ಸ್ವಲ್ಪ ಸಡಿಲ ಆಗಿರುತ್ತದೆ. ಬೌಲಿನ ತಳದಲ್ಲಿ ಕಸ ಸೇರಿದೆಯಾ ಅಂತಲೂ ಆಗಲೇ ನೋಡಿಬಿಡಿ. ಬಿಚ್ಚಿದ ಹಳೆಯದನ್ನು ಗುಜರಿಗೆ ಹಾಕಬೇಡಿ. ಪೆಟ್ರೋಲ್ ಪೂರ್ತಿ ಬಸಿದು, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಜೆಟ್ ನಂಬರ್ ಬರೆದ ಚೀಟಿ ಕಟ್ಟಿ ಮುಚ್ಚಳ ಇರುವ ಡಬ್ಬದಲ್ಲಿಡಿ. ನನ್ನದು ಈಗ ಲೇತಿನವರ ಹತ್ತಿರ ಬುಷ್ ಹಾಕಿಸಿಕೊಂಡು ಬಂದು ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಕೂತಿದೆ.